ಸಿಲ್ವರ್ ಓಕ್ ದಿಮ್ಮಿ: ಇಂಚಿನ ಅಳತೆ ಮೀಟರಿಗೆ ತರೋದು ಹೇಗೆ?

ಸಕಲೇಶಪುರ ತೋಟ:
ಕಾಫಿ ತೋಟದ ಸಿಲ್ವರ್ ಓಕ್ ಕಡಿಸಿ ದಿಮ್ಮಿ ಮಾಡಿಸಿದ್ದೀವಿ. ಸುತ್ತಳತೆ ಇಂಚಿನಲ್ಲಿ, ಉದ್ದ ಅಡಿ-ಇಂಚಿನಲ್ಲಿ ಬರೆದಿಟ್ಟಿದ್ದೀವಿ. ಹಾಸನದ ವ್ಯಾಪಾರಿ ಪಟ್ಟಿ ಮೀಟರಿನಲ್ಲೇ ಬೇಕು ಅಂತಾರೆ. ಒಂದು ದಿಮ್ಮಿ ಸುತ್ತು 48 ಇಂಚು, ಉದ್ದ 12 ಅಡಿ. ಇಂಚಿಗೆ ಎರಡೂವರೆ ಸೆಂಟಿಮೀಟರ್ ಅಂತ ಹಿಡಿದರೆ ನಡೆಯುತ್ತಾ?

ಬೇಲೂರು ಟಿಂಬರ್:
ಬೇಡಿ ಸರ್, ನಿಮಗೇ ನಷ್ಟ. ಇಂಚು ಅಂದರೆ ಸರಿಯಾಗಿ 2.54 ಸೆಂ.ಮೀ., ಅಂದರೆ 0.0254 ಮೀಟರ್. 1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದದ್ದು ಇದು, ಅಂದಾಜಿನ ಸಂಖ್ಯೆ ಅಲ್ಲ. ಅಡಿ 0.3048 ಮೀಟರ್.

ನಿಮ್ಮ ದಿಮ್ಮಿಯನ್ನೇ ನೋಡಿ. ಸುತ್ತು 48 × 0.0254 = 1.2192 ಮೀ., ಉದ್ದ 12 × 0.3048 = 3.6576 ಮೀ. ಸುತ್ತಿನ ಕಾಲು ಭಾಗ 0.3048. ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿದರೆ 0.340 ಘನ ಮೀಟರ್. ಎರಡೂವರೆ ಸೆಂಟಿಮೀಟರಿನ, ಅಡಿಗೆ 30ರ ಲೆಕ್ಕದಲ್ಲಿ 0.324 ಮಾತ್ರ ಬರುತ್ತೆ. ಒಂದೊಂದು ಅಳತೆಯಲ್ಲಿ ತಪ್ಪು ನೂರಕ್ಕೆ ಒಂದೂವರೆಯಷ್ಟೇ, ಆದರೆ ಸುತ್ತು ಎರಡು ಸಲ, ಉದ್ದ ಒಂದು ಸಲ ಗುಣಾಕಾರಕ್ಕೆ ಬರೋದರಿಂದ ಒಟ್ಟು ನೂರಕ್ಕೆ ನಾಲ್ಕೂವರೆ ಮೀರಿ ಕಳೆದುಹೋಗುತ್ತೆ. ದಶಾಂಶ ಕಡಿಮೆ ಮಾಡೋದಿದ್ದರೆ ಕೊನೆಯ ಉತ್ತರದಲ್ಲಿ ಮಾಡಿ, ನಡುವೆ ಬೇಡ.

ಮೂಡಿಗೆರೆ ರೈಟರ್:
ಇದಕ್ಕಿಂತ ದೊಡ್ಡ ತಪ್ಪು ಚುಕ್ಕಿಯಲ್ಲಾಗುತ್ತೆ. 12 ಅಡಿ 11 ಇಂಚನ್ನು ಪುಸ್ತಕದಲ್ಲಿ 12.11 ಅಂತ ಬರೀತಾರೆ. ಅದನ್ನು ಹಾಗೇ ಕ್ಯಾಲ್ಕುಲೇಟರಿಗೆ ಹಾಕಿ 0.3048ರಿಂದ ಗುಣಿಸಿದರೆ 3.69 ಮೀಟರ್. ನಿಜವಾದ ಉದ್ದ 3.937. ಒಂದೇ ದಿಮ್ಮಿಯಲ್ಲಿ ಕಾಲು ಮೀಟರ್ ಹೋಯ್ತು! ಮೊದಲು ಎಲ್ಲಾ ಇಂಚಿಗೆ ತನ್ನಿ: 12 × 12 + 11 = 155. ಆಮೇಲೆ 0.0254ರಿಂದ ಗುಣಿಸಿ. ಅಡಿಗೊಂದು, ಇಂಚಿಗೊಂದು ಕಾಲಂ ಬೇರೆ ಬೇರೆ ಇರಲಿ.

ಟೇಪನ್ನೂ ಪರೀಕ್ಷೆ ಮಾಡಿ. ಎರಡೂ ಅಳತೆ ಇರೋ ಟೇಪಿನಲ್ಲಿ 1 ಮೀಟರ್ ಗೆರೆಯ ಎದುರಿಗೆ 39 ಇಂಚು ದಾಟಿ ಎಂಟನೇ ಭಾಗದ ಮೂರನೇ ಗೆರೆ ಬರಬೇಕು. ದರ್ಜಿಯ ಬಟ್ಟೆ ಟೇಪ್ ಹಳೇದಾದ ಹಾಗೆ ಹಿಗ್ಗುತ್ತೆ. ಹಿಗ್ಗಿದ ಟೇಪು ಸುತ್ತನ್ನು ಕಡಿಮೆ ತೋರಿಸುತ್ತೆ. ಸುತ್ತಿಗೂ ಸ್ಟೀಲ್ ಟೇಪೇ ಒಳ್ಳೇದು, ಓರೆಯಾಗದಂತೆ ಸುತ್ತಬೇಕು.

ಸಕಲೇಶಪುರ ತೋಟ:
ತುಂಬಾ ಉಪಕಾರವಾಯ್ತು. ದಿಮ್ಮಿ ದುಂಡಗಿದೆಯಲ್ಲ, ಸುತ್ತಿನ ಕಾಲು ಭಾಗದ ಲೆಕ್ಕ ಯಾಕೆ?

ಬೇಲೂರು ಟಿಂಬರ್:
ಚೌಕ ಮಾಡುವಾಗ ಅಂಚು ಪಟ್ಟಿ, ಗರಗಸದ ಹುಡಿಯಾಗಿ ಹೋಗೋದನ್ನು ಮೊದಲೇ ಬಿಟ್ಟ ಲೆಕ್ಕ ಅದು. ನಿಮ್ಮ ದಿಮ್ಮಿ ಆ ಲೆಕ್ಕದಲ್ಲಿ ಸರಿಯಾಗಿ 12 ಘನ ಅಡಿ, ಪೂರ್ತಿ ದುಂಡು ಅಂತ ಹಿಡಿದರೆ 15.28 ಘನ ಅಡಿ, ಅಂದರೆ 0.433 ಘನ ಮೀಟರ್. ಹಾಗಾಗಿ ವ್ಯಾಪಾರಿಯ ದರ ಯಾವ ಲೆಕ್ಕಕ್ಕೆ, ತೊಗಟೆ ಸೇರಿಸಿಯೋ ಬಿಟ್ಟೋ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ. ಘನ ಅಡಿಯಿಂದ ಘನ ಮೀಟರಿಗೆ 35.315ರಿಂದ ಭಾಗಿಸಿ. 3.28ರಿಂದ ಭಾಗಿಸಬೇಡಿ, ಅದು ಉದ್ದಕ್ಕೆ ಮಾತ್ರ.