ಜಪಾನಿನ ‘ಹೊಂಕಾಕು’ ಕೊಲೆ ಕತೆಗಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಈಚೆಗೆ ಜಪಾನಿನ ಕೊಲೆ ಕಾದಂಬರಿಗಳ ಹುಚ್ಚು ಹಿಡಿದಿದೆ. ಓದುತ್ತಿರುವುದು ಇಂಗ್ಲಿಷ್ ಅನುವಾದದಲ್ಲಿ. ಇವುಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಪದಕ್ಕೇ ತಡಕಾಡಬೇಕು.

‘ಪತ್ತೇದಾರಿ’ ಇದೆಯಲ್ಲ ಅಂತೀರಿ. ಎನ್. ನರಸಿಂಹಯ್ಯನವರನ್ನು ಓದಿ ಬೆಳೆದವರಿಗೆ ಆ ಪದ ಕೇಳಿದರೇ ಖುಷಿ. ಆದರೆ ಅಲ್ಲಿ ಕಣ್ಣೆಲ್ಲ ಪತ್ತೇದಾರನ ಮೇಲೆ. ಹೊಂಕಾಕುವಿನಲ್ಲಿ ಒಗಟೇ ದೊಡ್ಡದು.

ಹೊಂಕಾಕು ಅಂದರೆ ‘ಅಸಲಿ’, ‘ಪಕ್ಕಾ’ ಅನ್ನೋ ಅರ್ಥ. ಕೊಲೆ ಕತೆಗಳಿಗೆ ಈ ಪದವನ್ನು 1920ರ ದಶಕದಲ್ಲಿ ಬಳಕೆಗೆ ತಂದವರು ಲೇಖಕ ಕೋಗಾ ಸಾಬುರೊ. ಸುಳಿವುಗಳೆಲ್ಲ ಓದುಗರ ಕಣ್ಣೆದುರೇ ಇರಬೇಕು, ಪತ್ತೇದಾರನಿಗೆ ಗೊತ್ತಿದ್ದನ್ನು ನಮ್ಮಿಂದ ಮುಚ್ಚಿಡುವ ಹಾಗಿಲ್ಲ. ಶಿಮಾದಾ ಸೋಜಿ ಅಂತೂ 1981ರ ತಮ್ಮ ಕಾದಂಬರಿಯಲ್ಲಿ ಕತೆಯನ್ನೇ ನಿಲ್ಲಿಸಿ, ಬೇಕಾದ್ದೆಲ್ಲ ನಿಮ್ಮ ಕೈಲಿದೆ, ಬಿಡಿಸಿ ನೋಡೋಣ ಅಂತ ಸವಾಲು ಹಾಕುತ್ತಾರೆ. ನಾನು ಸೋತೆ, ಅದು ಬೇರೆ ಮಾತು.

ಪದದ ತಾಪತ್ರಯ ಜಪಾನೀಯರಿಗೂ ತಪ್ಪಿಲ್ಲ. ಮೊದಲು ಇಂಥ ಪುಸ್ತಕಗಳನ್ನು ‘ತಾಂತೇಯ್ ಶೋಸೆತ್ಸು’ ಅನ್ನುತ್ತಿದ್ದರು. ಹೆಚ್ಚುಕಮ್ಮಿ ನಮ್ಮ ಪತ್ತೇದಾರಿ ಕಾದಂಬರಿಯೇ. 1946ರಲ್ಲಿ ಸರ್ಕಾರ ದಿನಬಳಕೆಯ ಕಾಂಜಿ (ಚೀನಾದಿಂದ ಬಂದ ಲಿಪಿ) ಅಕ್ಷರಗಳ ಪಟ್ಟಿ ಹೊರಡಿಸಿತು. ‘ತೇಯ್’ ಬರೆಯುವ ಅಕ್ಷರ ಆ ಪಟ್ಟಿಯಲ್ಲಿ ಇರಲಿಲ್ಲ! ಆಗ ‘ಸುಯಿರಿ ಶೋಸೆತ್ಸು’ ಚಾಲ್ತಿಗೆ ಬಂತು. ಸುಯಿರಿ ಅಂದರೆ ಗೊತ್ತಿರುವುದನ್ನು ಹಿಡಿದು ಗೊತ್ತಿಲ್ಲದ್ದನ್ನು ತೀರ್ಮಾನಿಸುವುದು.

ಇದಕ್ಕೆ ‘ಊಹೆ’ ಅಂದರೆ ತೀರಾ ಸಡಿಲ, ಊಹೆಯನ್ನು ಸುಮ್ನೆ ಕೂತೂ ಮಾಡಬಹುದು. ‘ತರ್ಕ’ ಅಂದರೆ ವಾದಕ್ಕೆ ನಿಂತ ಹಾಗೆ. ನನಗೆ ಹಿಡಿಸಿದ್ದು ‘ತಾಳೆ ಹಾಕು’. ಮಾತ್ಸುಮೊತೊ ಸೇಯ್ಚೊ ಅವರ ರೈಲು ಕತೆಯನ್ನೇ ನೋಡಿ. ಟೋಕಿಯೊ ನಿಲ್ದಾಣದ 13ನೇ ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ 15ನೆಯದು ಕಾಣುವುದು ಸಂಜೆ ನಾಲ್ಕೇ ನಿಮಿಷ. ಉಳಿದ ಹೊತ್ತು ನಡುವೆ ರೈಲುಗಳು ಅಡ್ಡ. ಸರಿಯಾಗಿ ಆ ನಾಲ್ಕು ನಿಮಿಷದಲ್ಲೇ ಗಂಡು-ಹೆಣ್ಣಿನ ಜೋಡಿಯೊಂದು ಸಾಕ್ಷಿಗಳ ಕಣ್ಣಿಗೆ ಬೀಳುತ್ತದೆ. ಪೊಲೀಸರ ಕೆಲಸವೆಲ್ಲ ವೇಳಾಪಟ್ಟಿಯನ್ನು ಹೇಳಿಕೆಗಳ ಜೊತೆ ತಾಳೆ ಹಾಕುವುದೇ. ಆದರೆ ‘ತಾಳೆ ಕಾದಂಬರಿ’ ಅಂದರೆ ಜನ ಮರ ಹುಡುಕಿಯಾರು!

ಇನ್ನೊಂದು ತೊಡಕು. ಹಿಗಾಶಿನೊ ಕೇಯ್ಗೊ ಅವರ 2005ರ ಹೆಸರಾಂತ ಕಾದಂಬರಿಯಲ್ಲಿ ಕೊಂದವರು ಯಾರೆಂದು ಶುರುವಿನಲ್ಲೇ ಗೊತ್ತು. ಅದನ್ನು ಮುಚ್ಚಿಹಾಕಲು ನಿಲ್ಲುವವನು ಪಕ್ಕದ ಮನೆಯ ಗಣಿತದ ಮೇಷ್ಟ್ರು. ನೋಡಲು ರೇಖಾಗಣಿತದಂತಿದ್ದು ನಿಜಕ್ಕೂ ಬೀಜಗಣಿತವಾಗಿರುವ ಪ್ರಶ್ನೆ ಕೊಡುವ ಆಸಾಮಿ. ಇದು ಹೊಂಕಾಕು ಹೌದೋ ಅಲ್ಲವೋ ಅಂತ ಜಪಾನಿನಲ್ಲಿ ಲೇಖಕರೇ ಕಿತ್ತಾಡಿದ್ದರು. ಸುಳಿವು ಸಾಲದು ಅನ್ನೋದು ಒಂದು ಪಕ್ಷ. ಸಾಕು ಅನ್ನೋದೇ ನನ್ನ ಅಭಿಪ್ರಾಯ. ಹೀಗೆ ಕೊಲೆಗಾರನನ್ನು ಮೊದಲೇ ತೋರಿಸುವ ಕತೆಗೆ ಅಲ್ಲಿ ‘ತೋಜೊ’ ಅನ್ನುತ್ತಾರೆ, ತಿರುಗಿಸಿ ಹೇಳಿದ್ದು ಅಂತ.

ಹೊಂಕಾಕುವಿಗೆ ಸದ್ಯ ‘ಒಗಟುಗತೆ’ ಅಂತ ಇಟ್ಟುಕೊಂಡಿದ್ದೇನೆ. ಮಕ್ಕಳ ಪುಸ್ತಕದ ಹಾಗೆ ಕೇಳಿಸುತ್ತೆ, ಅಲ್ವಾ? ತೋಜೊಗಂತೂ ಏನೂ ಹೊಳೆದಿಲ್ಲ. ನಿಮ್ಮ ಕಡೆ ಮಾತಿನಲ್ಲಿ ಏನಾದರೂ ಇದ್ದರೆ ತಿಳಿಸಿ.