ಅತ್ತೆ ಕಳಿಸಿದ ಸ್ಪ್ಯಾನಿಷ್ ಚಾರ್ಟು

ಅತ್ತೆ: ಚಿನ್ನಿ, ನಿನಗೇ ಅಂತ ಹುಡುಕಿ ಕಳಿಸಿದ್ದೇನೆ. ಸ್ಪ್ಯಾನಿಷ್‌ನ ಇಂಪರ್ಫೆಕ್ಟ್, ಅಂದರೆ ‘ಮಾತಾಡುತ್ತಿದ್ದೆ’ ಥರದ ಭೂತಕಾಲ, ಪೂರ್ತಿ ಒಂದೇ ಪುಟದಲ್ಲಿದೆ. ಭಾನುವಾರದ ಟೆಸ್ಟಿಗೆ ಇಷ್ಟು ಸಾಕು.

[ಚಿತ್ರ: ಮೇಲೆ ‘ಅಬ್ಲಾರ್ – ಮಾತಾಡು’, ‘ಕೊಮೆರ್ – ತಿನ್ನು’ ಎರಡರ ರೂಪಗಳ ಪಟ್ಟಿ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಜಾಸ್ತಿ ಹೊತ್ತು ನಡೆದಿದ್ದಕ್ಕೆ ಇಂಪರ್ಫೆಕ್ಟ್, ಬೇಗ ಮುಗಿದಿದ್ದಕ್ಕೆ ಪ್ರೆತೆರಿತೊ (‘ಮಾತಾಡಿದೆ’ ಥರದ ಭೂತಕಾಲ). ಕನ್ನಡದಲ್ಲಿ -ತ್ತಿದ್ದೆ ಬಂದರೆ ಕಣ್ಣು ಮುಚ್ಚಿಕೊಂಡು ಇಂಪರ್ಫೆಕ್ಟ್ ಹಾಕಿ.’]

ಚಿನ್ನಿ: ಥ್ಯಾಂಕ್ಸ್ ಅತ್ತೆ! ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ.

ಪುಟ್ಟಣ್ಣ: ಮೇಲಿನ ಅರ್ಧ ಅಂಟಿಸು ಚಿನ್ನಿ. ಪಟ್ಟಿ ಸರಿಯಾಗಿದೆ. ಕೆಳಗಿನ ನಿಯಮ ತಪ್ಪು.

ಅತ್ತೆ: ಏನು ತಪ್ಪು? ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಹೊಸದಾಗಿ ಕಲಿಯುವವರಿಗೆ ಇಂಥ ಒಂದು ಸೂತ್ರ ಕೊಡದಿದ್ದರೆ ಅವರು ಮುಂದೆ ಹೋಗುವುದೇ ಇಲ್ಲ.

ಪುಟ್ಟಣ್ಣ: ಅತ್ತೆ, ನೀವು ಈಗ ಹೇಳಿದ ಮಾತನ್ನೇ ತಗೊಳ್ಳಿ. ‘ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೆ’ ಅನ್ನುವುದು ಸ್ಪ್ಯಾನಿಷ್‌ನಲ್ಲಿ ‘ಎನ್ಸೆನ್ಯೆ ಇಂಗ್ಲೆಸ್ ತ್ರೇಂತಾ ಆನ್ಯೊಸ್’. ಇದು ಪ್ರೆತೆರಿತೊ. ಮೂವತ್ತು ವರ್ಷ ಅಂದರೆ ಬೇಗ ಮುಗಿದ ಕೆಲಸವಾ?

ಇನ್ನು ‘ಇಂಗ್ಲಿಷ್ ಪಾಠ ಮಾಡುತ್ತಿದ್ದಾಗ ನನ್ನ ಗಂಡನ ಪರಿಚಯ ಆಯ್ತು’ ಅನ್ನಿ. ‘ಎನ್ಸೆನ್ಯಾಬಾ ಇಂಗ್ಲೆಸ್ ಕ್ವಾಂದೊ ಕೊನೊಸಿ ಆ ಮಿ ಮರಿದೊ.’ ಇಲ್ಲಿ ಅದೇ ಪಾಠ ಇಂಪರ್ಫೆಕ್ಟ್ ಆಯ್ತು. ನೌಕರಿ ಅದೇ, ವರ್ಷಗಳೂ ಅವೇ. ಮೊದಲನೆಯದರಲ್ಲಿ ಆ ಮೂವತ್ತು ವರ್ಷವನ್ನು ಶುರುವಿನಿಂದ ಕೊನೆವರೆಗೆ ಲೆಕ್ಕ ಹಾಕಿ ಹೇಳಿದಿರಿ. ಎರಡನೆಯದರಲ್ಲಿ ಆ ದಿನಗಳ ಒಳಗೆ ನಿಂತು, ನಡುವೆ ಏನಾಯ್ತು ಅಂತ ಹೇಳಿದಿರಿ.

ದೊಡ್ಡಪ್ಪ: ಮಾವನ ಹೆಸರು ಬಂದ ಮೇಲೆ ಅತ್ತೆ ಒಪ್ಪಲೇಬೇಕು 🙂

ಅತ್ತೆ: ಅಣ್ಣ, ನೀನು ಸುಮ್ನಿರು. ಪುಟ್ಟ, ಲೆಕ್ಕದ ವಿಷಯ ಒಪ್ಪಿದೆ. ಆದರೆ -ತ್ತಿದ್ದೆ ಅನ್ನುವುದು ಎಷ್ಟು ಒಳ್ಳೆ ಹಿಡಿಕೆ ನೋಡು. ಇಂಗ್ಲಿಷ್‌ನಲ್ಲಿ ‘ವಾಸ್ ಈಟಿಂಗ್’ ಬೇರೆ, ‘ಯೂಸ್ಡ್ ಟು ಈಟ್’ ಬೇರೆ. ನಮಗೆ ‘ತಿನ್ನುತ್ತಿದ್ದೆ’ ಒಂದರಲ್ಲೇ ಎರಡೂ ಬರುತ್ತದೆ. ಅವರ ‘ಕೊಮೀಆ’ದಲ್ಲೂ ಎರಡೂ ಬರುತ್ತದೆ. ಕನ್ನಡದ ಮಕ್ಕಳಿಗೆ ಇಷ್ಟು ಹತ್ತಿರ ಇರುವುದನ್ನು ಬಿಟ್ಟು ಯಾಕೆ ಸುತ್ತಿ ಬಳಸಿ ಕಲಿಸಬೇಕು?

ಪುಟ್ಟಣ್ಣ: ಆ ಮಾತು ನೂರಕ್ಕೆ ನೂರು ಸರಿ ಅತ್ತೆ. ನನಗೂ ಅದರಿಂದಲೇ ಬೇಗ ಹಿಡಿತ ಸಿಕ್ಕಿತು. ಆದರೆ ‘ಕಣ್ಣು ಮುಚ್ಚಿಕೊಂಡು’ ಅನ್ನುವುದನ್ನು ನಾನು ಒಪ್ಪಲ್ಲ. ‘ಹತ್ತು ವರ್ಷ ಅಲ್ಲಿ ಕೆಲಸ ಮಾಡುತ್ತಿದ್ದೆ’ ಅಂತ ನಾವು ಸಲೀಸಾಗಿ ಹೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿ ಹತ್ತು ವರ್ಷ ಅಂತ ಎಣಿಸಿಬಿಟ್ಟರೆ ‘ತ್ರಬಹೆ’ ಅನ್ನಬೇಕು, ‘ತ್ರಬಹಾಬಾ’ ಅಲ್ಲ.

ಇನ್ನೊಂದು ಕಡೆ -ತ್ತಿದ್ದ ಬರುವುದೇ ಇಲ್ಲ, ಆದರೂ ಇಂಪರ್ಫೆಕ್ಟ್ ಬೇಕು. ಮನೆ ದೊಡ್ಡದಾಗಿತ್ತು: ಲಾ ಕಾಸಾ ಎರಾ ಗ್ರಾಂದೆ. ಗಂಟೆ ಮೂರಾಗಿತ್ತು: ಎರಾನ್ ಲಾಸ್ ತ್ರೆಸ್. ಆಗ ನನಗೆ ಎಂಟು ವರ್ಷ: ತೆನೀಆ ಒಚೊ ಆನ್ಯೊಸ್. ಚಾರ್ಟನ್ನೇ ನಂಬಿದರೆ ಚಿನ್ನಿ ಇವೆಲ್ಲದರಲ್ಲೂ ಮಾರ್ಕು ಕಳೆದುಕೊಳ್ಳುತ್ತಾಳೆ.

ದೊಡ್ಡಪ್ಪ: ಪಟ್ಟಿಯಲ್ಲೇ ಒಂದು ಅನುಮಾನ. ‘ನಾನು’ ಎದುರು ಅಬ್ಲಾಬಾ, ‘ಅವನು’ ಎದುರೂ ಅಬ್ಲಾಬಾ. ಪ್ರಿಂಟ್ ತಪ್ಪಾ?

ಪುಟ್ಟಣ್ಣ: ತಪ್ಪಲ್ಲ ದೊಡ್ಡಪ್ಪ. ಅಬ್ಲಾಬಾ, ಅಬ್ಲಾಬಾಸ್, ಅಬ್ಲಾಬಾ, ಅಬ್ಲಾಬಮೊಸ್, ಅಬ್ಲಾಬೈಸ್, ಅಬ್ಲಾಬಾನ್. ನಾನು, ಅವನು, ಅವಳು, ಮರ್ಯಾದೆಯ ‘ತಾವು’ ಎಲ್ಲಕ್ಕೂ ಒಂದೇ. ಗೊಂದಲ ಆಗುವ ಕಡೆ ‘ಯೊ’ (ನಾನು) ಅಂತ ಮುಂದೆ ಸೇರಿಸುತ್ತಾರೆ. ಐದನೆಯದು ಸ್ಪೇನ್‌ನಲ್ಲಿ ಬಳಕೆಯಲ್ಲಿದೆ. ಇಲ್ಲಿ ಮೆಕ್ಸಿಕೊದಲ್ಲಿ ‘ನೀವೆಲ್ಲ’ ಅನ್ನುವುದಕ್ಕೂ ಅಬ್ಲಾಬಾನ್.

ಚಿನ್ನಿ: ಕೊಮೆರ್ ಸುಲಭ ಅನ್ನಿಸಿತು. ಕೊಮೀಆ, ಕೊಮೀಆಸ್, ಕೊಮೀಆ, ಕೊಮೀಆಮೊಸ್... ಎಲ್ಲದರಲ್ಲೂ ‘ಈ’ ಮೇಲೆ ಒತ್ತಿನ ಗೀಟು.

ಪುಟ್ಟಣ್ಣ: ಹೌದು. ಅಬ್ಲಾರ್‌ನಲ್ಲಿ ಗೀಟು ‘ನಾವು’ ರೂಪಕ್ಕೆ ಮಾತ್ರ. ದಾರಿ ತಪ್ಪಿದ ಕ್ರಿಯಾಪದಗಳು ಇಡೀ ಇಂಪರ್ಫೆಕ್ಟ್‌ನಲ್ಲಿ ಮೂರೇ: ಸೆರ್ (ಆಗಿರು), ಇರ್ (ಹೋಗು), ಬೆರ್ (ನೋಡು). ಎರಾ, ಈಬಾ, ಬೆಈಆ. ಬೇರೆ ಕಾಲಗಳಲ್ಲಿ ಜೀವ ತಿನ್ನುವ ತೆನೆರ್ (ಹೊಂದಿರು), ಅಸೆರ್ (ಮಾಡು) ಕೂಡ ಇಲ್ಲಿ ಕೊಮೆರ್ ಹಾದಿಯಲ್ಲೇ ನಡೆಯುತ್ತವೆ. ಪಟ್ಟಿಗೆ ಭಯಪಡಬೇಡ. ಎಲ್ಲಿ ಯಾವುದು ಅನ್ನುವುದರಲ್ಲಿ ಕಷ್ಟ ಇರುವುದು.

ಅತ್ತೆ: ನನ್ನ ಸೂತ್ರ ಕಿತ್ತುಹಾಕಿದೆ. ಬದಲಿಗೆ ಏನು ಕೊಡುತ್ತೀಯ?

ಪುಟ್ಟಣ್ಣ: -ತ್ತಿದ್ದೆ ಜೊತೆಗೆ ‘ಇತ್ತು–ಆಯ್ತು’ ಇಟ್ಟುಕೊಳ್ಳಲಿ. ಗೊತ್ತಿತ್ತು ಅಂದರೆ ಸಬೀಆ, ಗೊತ್ತಾಯ್ತು ಅಂದರೆ ಸುಪೆ. ಪರಿಚಯ ಇತ್ತು ಅಂದರೆ ಕೊನೊಸೀಆ, ಪರಿಚಯ ಆಯ್ತು ಅಂದರೆ ಕೊನೊಸಿ. ಇಂಗ್ಲಿಷ್ ಮಾತೃಭಾಷೆಯವರು ಇದಕ್ಕೆ ಎಷ್ಟು ಒದ್ದಾಡುತ್ತಾರೆ ಗೊತ್ತಾ? ಅವರಿಗೆ ಎರಡಕ್ಕೂ ‘ನ್ಯೂ’ ಒಂದೇ ಬಾಯಿಗೆ ಬರುತ್ತದೆ. ನಮಗೆ ಚಿಕ್ಕಂದಿನಿಂದ ಇದು ನಾಲಿಗೆ ಮೇಲಿದೆ.

ಅತ್ತೆ: ‘ಪಾರ್ಟಿ ಚೆನ್ನಾಗಿತ್ತು.’ ಇದರಲ್ಲಿ ‘ಇತ್ತು’ ಇದೆ. ಹಾಗಾದರೆ ಇಂಪರ್ಫೆಕ್ಟಾ?

ಚಿನ್ನಿ: ಇಲ್ಲ ಅತ್ತೆ! ನಮ್ಮ ಕ್ಲಾಸಲ್ಲಿ ‘ಲಾ ಫಿಎಸ್ತಾ ಎಸ್ತುಬೊ ಮುಯ್ ಬಿಎನ್’ ಅಂತ ಹೇಳಿಕೊಟ್ಟರು. ಅದು ಪ್ರೆತೆರಿತೊ.

ಅತ್ತೆ: ನೋಡಿದೆಯಾ ಪುಟ್ಟ? ನಿನ್ನ ಸೂತ್ರವೂ ಕಣ್ಣು ಮುಚ್ಚಿಕೊಂಡು ಹಾಕುವಂಥದ್ದಲ್ಲ.

ಪುಟ್ಟಣ್ಣ: ಅದಕ್ಕೇ ಕಣ್ಣು ತೆರೆದುಕೊಂಡೇ ಹಾಕಬೇಕು ಅನ್ನುತ್ತಿರುವುದು. ಮುಗಿದ ಪಾರ್ಟಿಗೆ ಒಟ್ಟಾರೆ ಮಾರ್ಕು ಕೊಟ್ಟರೆ ಎಸ್ತುಬೊ. ‘ಪಾರ್ಟಿ ಚೆನ್ನಾಗಿ ನಡೀತಿತ್ತು, ಅಷ್ಟರಲ್ಲಿ ಕರೆಂಟ್ ಹೋಯ್ತು’ ಅಂದರೆ ಎಸ್ತಾಬಾ. ಮುಂದೆ ಏನೋ ಬರುವುದಕ್ಕೆ ಜಾಗ ಬಿಟ್ಟಿದ್ದೀಯಾ ಅಂತ ಕೇಳಿಕೋ ಚಿನ್ನಿ.

ನನ್ನ ಮಗಳ ಶಾಲೆ ಪುಸ್ತಕದಲ್ಲಿ ಈ ಕಾಲಕ್ಕೆ ಇಂಪರ್ಫೆಕ್ಟ್ ಅನ್ನುವ ಹೆಸರೇ ಇಲ್ಲ, ‘ಕೊಪ್ರೆತೆರಿತೊ’ ಅಂತಿದೆ. ವೆನೆಜುವೆಲಾದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೆಯೊ 1847ರ ತಮ್ಮ ವ್ಯಾಕರಣದಲ್ಲಿ ಬಳಸಿದ ಹೆಸರು ಅದು. ಇನ್ನೊಂದು ಹಿಂದಿನ ಘಟನೆಯ ಜೊತೆಜೊತೆಗೇ ಇದ್ದದ್ದು ಅಂತ ಅವರ ಲೆಕ್ಕ. ಎಷ್ಟು ಹೊತ್ತು ನಡೆಯಿತು ಅನ್ನುವ ಮಾತೇ ಅದರಲ್ಲಿಲ್ಲ.

ಅತ್ತೆ: ಈ ಹೆಸರು ಚೆನ್ನಾಗಿದೆ. ಆದರೂ ಮೊದಲ ವಾರ ಕಲಿಯುವವರಿಗೆ ನಾನು -ತ್ತಿದ್ದೆಯಿಂದಲೇ ಶುರು ಮಾಡುತ್ತೇನೆ.

ಪುಟ್ಟಣ್ಣ: ಮಾಡಿ ಅತ್ತೆ. ಹೊತ್ತಿನ ಲೆಕ್ಕ ಮಾತ್ರ ತೆಗೆದುಬಿಡಿ. ಸೀನುವುದಕ್ಕೆ ಒಂದು ಕ್ಷಣ ಸಾಕು. ಆದರೆ ‘ಅಜ್ಜ ದಿನಾ ಬೆಳಿಗ್ಗೆ ಸೀನುತ್ತಿದ್ದರು’ ಅಂದರೆ ‘ಎಸ್ತೊರ್ನುದಾಬಾ’ ಅಂತಲೇ ಆಗಬೇಕು.

ಚಿನ್ನಿ: ಸರಿ, ಇದನ್ನು ನೋಡಿ ಹೇಳಿ. ‘ಕೊಸಿನಾಬಾ ಕ್ವಾಂದೊ ಸೊನೊ ಎಲ್ ತೆಲೆಫೊನೊ.’ ಅಡುಗೆ ಮಾಡುತ್ತಿದ್ದೆ, ಆಗ ಫೋನ್ ಬಂತು. ಇನ್ನೊಂದು: ‘ಯೊಬಿಯೊ ತೊದಾ ಲಾ ನೊಚೆ.’ ರಾತ್ರಿಯೆಲ್ಲ ಮಳೆ ಬರುತ್ತಿತ್ತು. ಕನ್ನಡದಲ್ಲಿ -ತ್ತಿತ್ತು ಬಂದರೂ ‘ರಾತ್ರಿಯೆಲ್ಲ’ ಅಂತ ಅಳೆದುಬಿಟ್ಟೆ, ಅದಕ್ಕೆ ಪ್ರೆತೆರಿತೊ ಹಾಕಿದೆ.

ಪುಟ್ಟಣ್ಣ: ಎರಡೂ ಸರಿ!

ಅತ್ತೆ: ಭೇಷ್ ಚಿನ್ನಿ. ಕೆಳಗಿನ ಸಾಲು ಕತ್ತರಿಸಿ ಚಾರ್ಟ್ ಮತ್ತೆ ಹಾಕುತ್ತೇನೆ, ಹಳೆಯದನ್ನು ಅಳಿಸುತ್ತೇನೆ. ಪುಟ್ಟ, ನಿನ್ನ ಮಗಳ ಹತ್ತಿರ ಆರೂ ರೂಪ ಓದಿಸಿ ವಾಯ್ಸ್ ನೋಟ್ ಕಳಿಸು. ಅಬ್ಲಾಬಮೊಸ್‌ನಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅಂತ ಕಿವಿಯಲ್ಲಿ ಕೇಳಬೇಕು.