ಓಟಿಐಓ ಮೂಲಕ ಟೈಮ್‌ಲೈನ್ ಕಳುಹಿಸಿದಾಗ ಒಂದೇ ಕ್ಯಾಮೆರಾದ ಕ್ಲಿಪ್‌ಗಳು ಮಾತ್ರ ಆಫ್‌ಲೈನ್ ಆಗುತ್ತಿವೆ

ಪ್ರಶ್ನೆ: ಮೂರನೇ ಟ್ರ್ಯಾಕ್

ನಮಸ್ಕಾರ. 22 ನಿಮಿಷಗಳ ಒಂದು ಸಾಕ್ಷ್ಯಚಿತ್ರದ ಸಂಕಲನವನ್ನು ನಾನು ಒಂದು ಸಾಫ್ಟ್‌ವೇರ್‌ನಲ್ಲಿ ಮುಗಿಸಿದ್ದೇನೆ. ಬಣ್ಣ ತಿದ್ದುವವರು ಬಳಸುವುದು ಬೇರೊಂದನ್ನು. ಟೈಮ್‌ಲೈನ್ ಸೆಕೆಂಡಿಗೆ 25 ಫ್ರೇಮ್‌ನದು, ಮೂರು ವಿಡಿಯೋ ಟ್ರ್ಯಾಕ್‌ಗಳಿವೆ, ಆರು ಆಡಿಯೋ ಟ್ರ್ಯಾಕ್‌ಗಳಿವೆ. ಮೊದಲು ಇಡಿಎಲ್ (ಕಟ್‌ಗಳನ್ನು ಸಾಲುಸಾಲಾಗಿ ಬರೆದ ಹಳೆಯ ಬಗೆಯ ಪಟ್ಟಿ) ಕಳುಹಿಸಿದೆ. ಒಂದೇ ವಿಡಿಯೋ ಟ್ರ್ಯಾಕ್ ಹೋಯಿತು, ಉದ್ದದ ಫೈಲ್ ಹೆಸರುಗಳು ಅರ್ಧಕ್ಕೆ ತುಂಡಾದವು. ಆಮೇಲೆ ಓಪನ್‌ಟೈಮ್‌ಲೈನ್‌ಐಓ (ಓಟಿಐಓ) ಎಂಬ, ಟೈಮ್‌ಲೈನನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಫೈಲ್ ರೂಪದಲ್ಲಿ ಹೊರತೆಗೆದು ಕೊಟ್ಟೆ. ಟ್ರ್ಯಾಕ್‌ಗಳು, ಕಟ್‌ಗಳು, ಡಿಸಾಲ್ವ್‌ಗಳು ಎಲ್ಲವೂ ಇದ್ದಲ್ಲೇ ಬಂದು ಕುಳಿತವು. ಆದರೆ ಮುಖ್ಯ ಕ್ಯಾಮೆರಾದಲ್ಲಿ ತೆಗೆದ ಕ್ಲಿಪ್‌ಗಳೆಲ್ಲ ಆಫ್‌ಲೈನ್, ಅಂದರೆ ಮೂಲ ಫೈಲ್ ಸಿಗುತ್ತಿಲ್ಲ, ಎಂದು ಕೆಂಪಾಗಿ ತೋರುತ್ತಿವೆ. ಮೊಬೈಲಿನಲ್ಲಿ ತೆಗೆದವು, ಅದೇ ಫೋಲ್ಡರಿನಲ್ಲೇ ಇದ್ದರೂ, ಸರಿಯಾಗಿ ಓಡುತ್ತಿವೆ. ಇದರ ಜೊತೆಗೆ ನಿಧಾನಗತಿಗೆ ಇಳಿಸಿದ್ದ ಎರಡು ಶಾಟ್‌ಗಳು ಮಾಮೂಲಿ ವೇಗಕ್ಕೆ ಮರಳಿವೆ, ಶೀರ್ಷಿಕೆಗಳಿದ್ದ ಜಾಗ ಖಾಲಿಯಾಗಿದೆ. ತಪ್ಪು ನನ್ನ ವಿಧಾನದಲ್ಲಿದೆಯೇ, ಅಥವಾ ಈ ಫೈಲ್ ರೂಪದ ಮಿತಿಯೇ ಇಷ್ಟೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಜೋಡಣೆಗಾರ

ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಶೀರ್ಷಿಕೆಗಳ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ: ಅವು ಬರುವುದಿಲ್ಲ, ಬರುತ್ತವೆಂದು ನಿರೀಕ್ಷಿಸಲೂಬಾರದು. ಪಿಕ್ಸಾರ್ ಸಂಸ್ಥೆಯೊಳಗೆ ಹುಟ್ಟಿ, 2017ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದು, 2019ರಲ್ಲಿ ಅಕಾಡೆಮಿ ಸಾಫ್ಟ್‌ವೇರ್ ಫೌಂಡೇಶನ್ನಿನ ಆಶ್ರಯಕ್ಕೆ ಸೇರಿದ ಓಟಿಐಓ ಯೋಜನೆಯ ಉದ್ದೇಶ ಸಂಕಲನದ ನಿರ್ಧಾರಗಳನ್ನು ಸಾಗಿಸುವುದು, ಅಂದರೆ ಯಾವ ಕ್ಲಿಪ್ಪಿನ ಯಾವ ಭಾಗ, ಯಾವ ಟ್ರ್ಯಾಕಿನಲ್ಲಿ, ಯಾವುದರ ನಂತರ ಎಂಬುದನ್ನು ತಿಳಿಸುವುದು. ಚಿತ್ರ ಹೇಗೆ ಕಾಣಬೇಕೆಂಬುದು ಅದರ ವ್ಯಾಪ್ತಿಯಲ್ಲಿಲ್ಲ. ಅಕ್ಷರದ ವಿನ್ಯಾಸ, ಬಣ್ಣದ ತಿದ್ದುಪಡಿ, ಮಸುಕುಗೊಳಿಸುವ ಎಫೆಕ್ಟ್ ಇಂಥವನ್ನು ಮೆಟಾಡೇಟಾ ಎಂಬ ಚೀಲದಲ್ಲಿ ತುಂಬಿ ಕಳುಹಿಸಲು ಅವಕಾಶವಿದೆ. ಆದರೆ ಒಂದು ಸಾಫ್ಟ್‌ವೇರ್ ಕಟ್ಟಿದ ಚೀಲವನ್ನು ಇನ್ನೊಂದು ಬಿಚ್ಚಿ ನೋಡಲೇಬೇಕೆಂಬ ನಿಯಮವೇನೂ ಇಲ್ಲ.

ವೇಗದ ವಿಷಯ ಹಾಗಲ್ಲ. ಇಡೀ ಶಾಟ್‌ಗೆ ಒಂದೇ ವೇಗವಿದ್ದರೆ ಅದನ್ನು ಬರೆಯಲು ಲೀನಿಯರ್ ಟೈಮ್ ವಾರ್ಪ್ ಎಂಬ ನಿಶ್ಚಿತ ರೂಪವಿದೆ. ನಿಮ್ಮ ಫೈಲನ್ನು ಯಾವುದಾದರೂ ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಅದು ಬರಿಯ ಜೇಸನ್ (ಓದಬಲ್ಲ ಪಠ್ಯರೂಪದ ದತ್ತಾಂಶ), ಹೆದರುವಂಥದ್ದೇನೂ ಇಲ್ಲ. ಆ ಎರಡು ಶಾಟ್‌ಗಳ ಹೆಸರು ಹುಡುಕಿ, ಅದೇ ಕ್ಲಿಪ್ಪಿನ ಎಫೆಕ್ಟ್‌ಗಳ ಪಟ್ಟಿಯಲ್ಲಿ ಟೈಮ್ ಸ್ಕೇಲರ್ ಎಂಬ ಸಾಲು ಇದೆಯೇ ನೋಡಿ. ಅರ್ಧ ವೇಗವಾದರೆ ಅಲ್ಲಿ 0.5 ಎಂದಿರಬೇಕು. ಇದ್ದರೆ ಓದಿದ ಸಾಫ್ಟ್‌ವೇರ್ ಅದನ್ನು ಕಡೆಗಣಿಸಿದೆ. ಇಲ್ಲದಿದ್ದರೆ ಬರೆದ ಸಾಫ್ಟ್‌ವೇರೇ ಬಿಟ್ಟುಬಿಟ್ಟಿದೆ. ಎರಡು ಸಾಫ್ಟ್‌ವೇರ್‌ಗಳ ನಡುವಿನ ಇಂಥ ತಕರಾರಿನಲ್ಲಿ ಎಡವಿದ್ದು ಯಾವುದೆಂದು ಕಣ್ಣಾರೆ ಕಂಡು ಹೇಳಬಹುದೆಂಬುದೇ, ನನ್ನ ಮಟ್ಟಿಗೆ, ಎಎಎಫ್‌ನಂಥ (ಟೈಮ್‌ಲೈನ್ ಸಾಗಿಸುವ ಇನ್ನೊಂದು ರೂಪ), ಟೆಕ್ಸ್ಟ್ ಎಡಿಟರಿನಲ್ಲಿ ಓದಲಾಗದ ಬೈನರಿ ಫೈಲಿಗಿಂತ ಇದನ್ನು ಮೆಚ್ಚಲು ದೊಡ್ಡ ಕಾರಣ. ಆಫ್‌ಲೈನ್ ಸಮಸ್ಯೆಯ ಬಗ್ಗೆ ನನಗೊಂದು ಅನುಮಾನವಿದೆ. ಫೈಲ್ ತೆರೆದಾಗ ಮುಖ್ಯ ಕ್ಯಾಮೆರಾದ ಒಂದು ಕ್ಲಿಪ್ಪಿನ ಸೋರ್ಸ್ ರೇಂಜ್ (ಬಳಸಿದ ಭಾಗ) ಮತ್ತು ಅವೈಲಬಲ್ ರೇಂಜ್ (ಮೂಲ ಫೈಲಿನಲ್ಲಿರುವ ಇಡೀ ಭಾಗ) ಎಷ್ಟೆಷ್ಟಿವೆ ಎಂದು ಇಲ್ಲಿ ಬರೆಯುತ್ತೀರಾ?

ಮರುಪ್ರಶ್ನೆ: ಮೂರನೇ ಟ್ರ್ಯಾಕ್

ಟೈಮ್ ಸ್ಕೇಲರ್ ಸಾಲು ಇದೆ, 0.5 ಎಂದೇ ಇದೆ. ಹಾಗಾದರೆ ಓದುವ ಕಡೆಯದೇ ತೊಂದರೆ ಎಂದಾಯಿತು. ಒಂದು ಕ್ಲಿಪ್ಪಿನ ಲೆಕ್ಕ ಹೀಗಿದೆ: ಅವೈಲಬಲ್ ರೇಂಜ್ 921200ರಿಂದ ಶುರುವಾಗುತ್ತದೆ, ಸೋರ್ಸ್ ರೇಂಜ್ 75ರಿಂದ. ಎರಡಕ್ಕೂ ರೇಟ್ 25. ಮೊಬೈಲಿನ ಕ್ಲಿಪ್‌ಗಳಲ್ಲಿ ಅವೈಲಬಲ್ ರೇಂಜ್ ಸೊನ್ನೆಯಿಂದಲೇ ಶುರುವಾಗಿದೆ.

ಉತ್ತರ: ಜೋಡಣೆಗಾರ

ಅನುಮಾನ ನಿಜವಾಯಿತು. 921200ನ್ನು 25ರಿಂದ ಭಾಗಿಸಿದರೆ 36848 ಸೆಕೆಂಡು, ಅಂದರೆ ಟೈಮ್‌ಕೋಡ್ (ಗಂಟೆ:ನಿಮಿಷ:ಸೆಕೆಂಡು:ಫ್ರೇಮ್) 10:14:08:00. ನಿಮ್ಮ ಕ್ಯಾಮೆರಾ ಬೆಳಗಿನ ಗಡಿಯಾರದ ಸಮಯವನ್ನೇ ಫೈಲಿನ ಮೊದಲ ಫ್ರೇಮಿಗೆ ಅಂಟಿಸಿದೆ. ಮೊಬೈಲು ಹಾಗೆ ಮಾಡಿಲ್ಲ. ಓಟಿಐಓದಲ್ಲಿ ಈ ಎರಡು ರೇಂಜ್‌ಗಳನ್ನೂ ಒಂದೇ ಅಳತೆಗೋಲಿನಲ್ಲಿ, ಅಂದರೆ ಮೂಲ ಮಾಧ್ಯಮದ ಕಾಲಮಾನದಲ್ಲೇ ಹೇಳಬೇಕು. ಫೈಲ್ ಶುರುವಾಗಿ ಮೂರು ಸೆಕೆಂಡಾದ ಮೇಲಿನ ಭಾಗ ಬೇಕಿದ್ದರೆ ಸೋರ್ಸ್ ರೇಂಜಿನಲ್ಲಿ 921275 ಎಂದಿರಬೇಕಿತ್ತು. ಬರೆದ ಸಾಫ್ಟ್‌ವೇರ್ ಫೈಲಿನ ಆರಂಭವನ್ನು ಸೊನ್ನೆ ಎಂದು ಎಣಿಸಿ 75 ಎಂದಿತು. ಓದಿದ ಸಾಫ್ಟ್‌ವೇರ್ ಆ ಫೈಲಿನಲ್ಲಿ 75ನೇ ಫ್ರೇಮ್ ಎಂಬುದೇ ಇಲ್ಲವೆಂದು, ನಿಯಮದ ಪ್ರಕಾರ ಸರಿಯಾಗಿಯೇ, ಕೈಚೆಲ್ಲಿತು.

ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ಇದು ಹತ್ತು ಸಾಲಿನ ಕೆಲಸ. ಫೈಲನ್ನು ಓದಿಸಿಕೊಂಡು, ಫೈಂಡ್ ಕ್ಲಿಪ್ಸ್ ಎಂಬ ಕರೆಯಿಂದ ಪ್ರತಿಯೊಂದು ಕ್ಲಿಪ್ಪನ್ನೂ ಹಿಡಿದು, ಅದರ ಸೋರ್ಸ್ ರೇಂಜಿನ ಆರಂಭವು ಅವೈಲಬಲ್ ರೇಂಜಿನ ಆರಂಭಕ್ಕಿಂತ ಹಿಂದಿದ್ದರೆ ಮಾತ್ರ ಎರಡು ಆರಂಭಗಳನ್ನೂ ಕೂಡಿಸಿ ಸೋರ್ಸ್ ರೇಂಜಿನ ಆರಂಭವಾಗಿಸಿ, ಬೇರೆ ಹೆಸರಿನಲ್ಲಿ ಬರೆದಿಡಿ. ಆ ಷರತ್ತನ್ನು ಮರೆತರೆ ಈಗಾಗಲೇ ಸರಿಯಿರುವ ಕ್ಲಿಪ್‌ಗಳೂ ಕೆಡಬಹುದು. ಹಳೆಯ ಪಾಠಗಳಲ್ಲಿ ಇದೇ ಕೆಲಸಕ್ಕೆ ಈಚ್ ಕ್ಲಿಪ್ ಎಂಬ ಹೆಸರು ಕಾಣಸಿಗುತ್ತದೆ. ಈಗ ಅದನ್ನು ಬಳಸಬೇಡಿ.

ಉತ್ತರ: ಹಳೇ ರೀಲು

ಜೋಡಣೆಗಾರರ ವಿವರಣೆಯನ್ನು ನಾನು ಒಪ್ಪುತ್ತೇನೆ, ಆದರೆ ಇಡಿಎಲ್ ಬಗ್ಗೆ ಎರಡು ಮಾತು ಸೇರಿಸದಿರಲಾರೆ. ಸಿಎಂಎಕ್ಸ್ 3600 ಎಂಬ ಇಡಿಎಲ್ ರೂಪಕ್ಕೆ ಒಂದೇ ವಿಡಿಯೋ ಟ್ರ್ಯಾಕ್, 999 ಈವೆಂಟ್ (ಪಟ್ಟಿಯ ನಮೂದು), ಎಂಟು ಅಕ್ಷರದ ರೀಲ್ (ಮೂಲ ಮಾಧ್ಯಮದ) ಹೆಸರು ಎಂಬ ಮಿತಿಗಳಿರುವುದು ನಿಜ. ಆದರೂ ಒಂದೊಂದು ಟ್ರ್ಯಾಕಿಗೆ ಒಂದೊಂದರಂತೆ ಮೂರು ಇಡಿಎಲ್ ಕೊಟ್ಟಿದ್ದರೆ ಟೈಮ್‌ಕೋಡಿನ ಈ ಗೋಜಲು ಬಹುಶಃ ಬರುತ್ತಲೇ ಇರಲಿಲ್ಲ, ಏಕೆಂದರೆ ಇಡಿಎಲ್‌ಗೆ ಟೈಮ್‌ಕೋಡ್ ಬಿಟ್ಟರೆ ಬೇರೆ ಭಾಷೆಯೇ ಗೊತ್ತಿಲ್ಲ. ಓಟಿಐಓ ಫೈಲಿನಿಂದಲೇ ಇಡಿಎಲ್ ಮಾಡಿಕೊಳ್ಳಲೂ ಬರುತ್ತದೆ. ಆದರೆ ಇಡಿಎಲ್, ಎಎಎಫ್ ಮುಂತಾದವುಗಳ ಅಡಾಪ್ಟರ್‌ಗಳನ್ನು (ಆ ರೂಪಗಳನ್ನು ಓದಿ ಬರೆಯುವ ಭಾಗಗಳನ್ನು) ಈಗ ಮೂಲ ಪ್ಯಾಕೇಜಿನಿಂದ ಬೇರ್ಪಡಿಸಿರುವುದರಿಂದ ಓಪನ್‌ಟೈಮ್‌ಲೈನ್‌ಐಓ ಪ್ಲಗಿನ್ಸ್ ಎಂಬುದನ್ನು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಅಡಾಪ್ಟರ್ ಇಲ್ಲವೆಂಬ ದೋಷ ಬರುತ್ತದೆ.

ಇನ್ನೊಂದು ಮಾತು. ಯಾವ ರೂಪದಲ್ಲಿ ಕಳುಹಿಸಿದರೂ, ಟೈಮ್‌ಕೋಡ್ ಮೇಲೆಯೇ ಅಚ್ಚಾಗಿರುವ ಒಂದು ರೆಫರೆನ್ಸ್ ವಿಡಿಯೋವನ್ನು ಜೊತೆಗೆ ಕೊಡಿ. ಬಣ್ಣ ತಿದ್ದುವವರು ಅದನ್ನು ಮೇಲಿನ ಟ್ರ್ಯಾಕಿನಲ್ಲಿ ಅರ್ಧ ಪಾರದರ್ಶಕವಾಗಿ ಹಾಕಿ ಓಡಿಸಿದರೆ ಒಂದು ಫ್ರೇಮ್ ಜಾರಿದ್ದರೂ ಮುಖಗಳು ಎರಡೆರಡಾಗಿ ಕಾಣುತ್ತವೆ. ಆ ಎರಡು ನಿಧಾನಗತಿಯ ಶಾಟ್‌ಗಳನ್ನು ಅಲ್ಲಿಯೇ ಕೈಯಾರೆ 50 ಪ್ರತಿಶತಕ್ಕೆ ಇಳಿಸಿಬಿಡಿ. ಎರಡು ಶಾಟ್‌ಗಾಗಿ ಸ್ಕ್ರಿಪ್ಟ್ ಬರೆಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಮರುನುಡಿ: ಮೂರನೇ ಟ್ರ್ಯಾಕ್

ಇಬ್ಬರಿಗೂ ಕೃತಜ್ಞತೆಗಳು. ಸ್ಕ್ರಿಪ್ಟ್ ಓಡಿಸಿದ ಮೇಲೆ ಎರಡನ್ನು ಬಿಟ್ಟು ಉಳಿದ ಕ್ಲಿಪ್‌ಗಳೆಲ್ಲ ಜೀವ ಪಡೆದವು. ಆ ಎರಡರ ಫೈಲ್ ಹೆಸರು ಕನ್ನಡ ಅಕ್ಷರಗಳಲ್ಲಿತ್ತು; ಓಟಿಐಓ ಫೈಲಿನೊಳಗಿನ ವಿಳಾಸದಲ್ಲಿ ಆ ಹೆಸರು ಶೇಕಡಾ ಚಿಹ್ನೆ ಮತ್ತು ಅಂಕಿಗಳ ಸರಮಾಲೆಯಾಗಿ ಮಾರ್ಪಟ್ಟಿತ್ತು, ಓದುವ ಸಾಫ್ಟ್‌ವೇರ್ ಅದನ್ನೇ ಅಕ್ಷರಶಃ ಹೆಸರೆಂದು ತಿಳಿದು ಹುಡುಕುತ್ತಿತ್ತು. ಟೆಕ್ಸ್ಟ್ ಎಡಿಟರಿನಲ್ಲೇ ಮೂಲ ಹೆಸರನ್ನು ಬರೆದು ಉಳಿಸಿದೆ, ಅವೂ ಬಂದವು. ನಿಧಾನಗತಿಯ ಶಾಟ್‌ಗಳನ್ನು ಹಳೇ ರೀಲು ಅವರು ಹೇಳಿದಂತೆ ಕೈಯಾರೆ ಸರಿಪಡಿಸಿಕೊಳ್ಳಲು ತಿಳಿಸಿದ್ದೇನೆ. ರೆಫರೆನ್ಸ್ ವಿಡಿಯೋ ರೆಂಡರ್ ಆಗುತ್ತಿದೆ.